ಎಂಟು ತಿಂಗಳ ಕೂಸನ್ನು ಏಳು ಮಾಡಿದ್ದು

ಏಳು ತಿಂಗಳಿಗೆ ಹುಟ್ಟಿದ ಕೂಸು ಬದುಕುತ್ತದೆ, ಎಂಟಕ್ಕೆ ಹುಟ್ಟಿದ್ದು ಬದುಕುವುದಿಲ್ಲ. ಈ ಮಾತನ್ನು ಮೊಟ್ಟಮೊದಲು ಆಡಿದವರು ಯಾರೋ ನನಗೆ ಗೊತ್ತಿಲ್ಲ, ಅವರ ಬಾಯಿಗೆ ಹುಳ ಬೀಳಲಿ. ಒಂದು ತಿಂಗಳು ಹೆಚ್ಚು ಹೊಟ್ಟೆಯಲ್ಲಿದ್ದು ಬಂದದ್ದು ಹೆಚ್ಚು ಗಟ್ಟಿಯಾಗಿರಬೇಕಲ್ಲವೇ ಎಂದು ಕೇಳುವಷ್ಟು ಬುದ್ಧಿ ನನ್ನ ಗಂಡನ ಮನೆಯಲ್ಲಿ ಒಬ್ಬರಿಗೂ ಇರಲಿಲ್ಲ. ಇನ್ನೂ ಒಂದು ಕುದಿ ಬೆಂದ ಅನ್ನ ಹಸಿಯಾಗಿರುತ್ತದೆ ಎಂದು ಯಾರಾದರೂ ಹೇಳಿದ್ದರೆ ಅದೇ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಗಂಡನ ಮನೆ ಹೊಸನಗರದ ಕಡೆ, ಗೇಣಿ ಗದ್ದೆ ಮಾಡಿಕೊಂಡಿದ್ದವರು. ನಾನು ತೀರ್ಥಹಳ್ಳಿ ಕಡೆಯವಳು. ಏಳನೇ ಕ್ಲಾಸು ಪಾಸಾಗಿದ್ದೆ, ಅದರ ಸೊಕ್ಕು ಬೇರೆ ಇತ್ತು. ಮೊದಲನೆಯದಕ್ಕೆ ತವರಿಗೆ ಕಳಿಸಲು ಒಳ್ಳೆಯ ದಿನ ಹುಡುಕುತ್ತಿದ್ದಾಗಲೇ ಅತ್ತೆಯ ಮನೆಯಲ್ಲಿ ನೋವು ಬಂತು. ಗಂಡು ಕೂಸು, ಹಿಡಿಯಷ್ಟು ಮುಖ. ಅತ್ತೆ ಅದರ ಮುಖವನ್ನು ನೋಡುವ ಮೊದಲು ತಮ್ಮ ಬೆರಳುಗಳನ್ನು ನೋಡಿಕೊಂಡರು. ಒಂದೊಂದಾಗಿ ಮಡಚಿ ಎಣಿಸಿದರು. ಎಂಟು.

"ಎಂಟರದ್ದು. ನಿಲ್ಲೋದಲ್ಲ ಬಿಡು. ಎದೆಗೆ ಗಿದೆಗೆ ಹಾಕ್ಕೋಬೇಡ ಮಾರಾಯ್ತಿ, ಆಮೇಲೆ ನಿಂಗೇ ಸಂಕಟ" ಎಂದರು.

ಕೂಸನ್ನು ಹಳೆ ಬಟ್ಟೆ ಹಾಸಿದ ಮೊರದಲ್ಲಿಟ್ಟು, ಮೊರವನ್ನು ಅಗ್ಗಿಷ್ಟಿಕೆಯ ಪಕ್ಕ ಇಟ್ಟರು. ಒಂದು ಕಡೆ ಬೆಂಕಿಯ ಕಾವು, ಇನ್ನೊಂದು ಕಡೆ ಸಗಣಿ ಸಾರಿಸಿದ ನೆಲದ ಥಂಡಿ. ಮೂರು ದಿನ ಅದು ಇಲಿಮರಿಯ ಹಾಗೆ ಕುಂಯ್‌ಗುಟ್ಟಿತು. ಮೂರನೆಯ ದಿನ ಮಧ್ಯಾಹ್ನ ಸುಮ್ಮನಾಯಿತು. "ನಾನು ಹೇಳ್ಲಿಲ್ವಾ?" ಎಂದರು ಅತ್ತೆ. ಹೇಳಿದ್ದು ನಿಜವಾಯಿತಲ್ಲ ಎನ್ನುವ ಸಮಾಧಾನ ಆ ದನಿಯಲ್ಲಿತ್ತು. ಥೂ! ಮಣ್ಣು ಮಾಡಿ ಬಂದ ನಮ್ಮ ಯಜಮಾನರು ಕೈಕಾಲು ತೊಳೆದುಕೊಂಡು ಗದ್ದೆಗೆ ಹೋದರು.

ಎರಡು ವರ್ಷದ ಮೇಲೆ ನಾವು ಕಾರ್ಗಲ್ಲಿನಲ್ಲಿದ್ದೆವು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. ಯಜಮಾನರಿಗೆ ಅಲ್ಲಿ ಫಿಟ್ಟರ್ ಕೆಲಸ, ನಮಗೊಂದು ತಗಡಿನ ಮಾಡಿನ ಮನೆ. ಯುಗಾದಿ ಕಳೆದು ಐದನೇ ದಿನಕ್ಕೆ, ದಿನ ತುಂಬುವ ಮೊದಲೇ, ಈ ಸಲವೂ ನೋವು ಬಂತು. ಹೆಣ್ಣು ಕೂಸು. ಎರಡು ಸೇರು ಅಕ್ಕಿಯಷ್ಟೂ ತೂಗುತ್ತಿರಲಿಲ್ಲ. ತಗಡು ಕಾದು ಹೆಂಚಾಗಿದ್ದರೂ ಅದರ ಪಾದ ಮಾತ್ರ ತಣ್ಣಗಿತ್ತು. ನಾನು ನೋಡಿದ್ದು ಆ ಪಾದವನ್ನೇ. ಇದೂ ಹೋದರೆ ನಾನೂ ಹೋಗುತ್ತೇನೆ ಎಂದು ನಿಶ್ಚಯ ಮಾಡಿಕೊಂಡೆ.

ಹೆರಿಗೆ ಮಾಡಿಸಿದವಳು ಕೂಲಿಯವರ ಕ್ಯಾಂಪಿನ ಒಬ್ಬ ಮುದುಕಿ, ಬಯಲುಸೀಮೆಯಿಂದ ಬಂದವಳು. ನಾನು ಅಗ್ಗಿಷ್ಟಿಕೆ ಹಚ್ಚಿಸಲು ಹೇಳಿದಾಗ ಅವಳು ನನ್ನನ್ನೇ ದಿಟ್ಟಿಸಿದಳು.

"ಒಲಿ ಯಾಕ ಬೇಕ ತಂಗಿ? ನಿನ್ನ ಎದಿ ಐತಲ್ಲ. ಕುಬಸ ಬಿಚ್ಚು. ಕೂಸಿನ್ನ ಬರೇ ಮೈಲೆ ಒಳಗ ಇಟ್ಕೊ, ಮ್ಯಾಲ ಸೀರಿ ಬಿಗಿ. ಕೆಳಗ ಇಳಸಬ್ಯಾಡ."

"ನಾನು ಬಚ್ಚಲಿಗೆ ಹೋದಾಗ?"

"ಯಾಕ, ನಿನ್ನ ಗಂಡಗ ಎದಿ ಇಲ್ಲೇನ?"

ಬಾಗಿಲಲ್ಲಿ ನಿಂತಿದ್ದ ಯಜಮಾನರು ಬೀಡಿ ತರುವ ನೆಪದಲ್ಲಿ ಅಲ್ಲಿಂದ ಜಾಗ ಖಾಲಿ ಮಾಡಿದರು. ನದಿಯನ್ನೇ ತಡೆದು ನಿಲ್ಲಿಸುತ್ತೇವೆ ಎಂದು ಮೀಸೆ ತಿರುವುವ ಗಂಡಸರು! ಒಂದು ಹಿಡಿ ಮಾಂಸ ಕಂಡರೆ ಓಡುತ್ತಾರೆ.

ಮುದುಕಿ ಹೇಳಿದಂತೆಯೇ ಮಾಡಿದೆ. ಕೂಸಿನ ಕೆನ್ನೆ ನನ್ನ ಎದೆಯ ಮೇಲೆ, ಕಾಲು ಕಪ್ಪೆಯ ಹಾಗೆ ಮಡಚಿಕೊಂಡು. ಚೀಪಲು ಅದಕ್ಕೆ ಶಕ್ತಿಯಿರಲಿಲ್ಲ. ಹತ್ತಿಯನ್ನು ಹಾಲಲ್ಲಿ ಅದ್ದಿ ತುಟಿಗೆ ಹಿಂಡಿದೆ. ಸಂಜೆಯ ಹೊತ್ತಿಗೆ ಪಾದ ಬೆಚ್ಚಗಾಯಿತು. ನಾನು ಒಬ್ಬಳೇ ಅತ್ತುಬಿಟ್ಟೆ.

ಸುದ್ದಿ ಮುಟ್ಟಿ ಮರುದಿನವೇ ಅತ್ತೆ ಬಂದಿಳಿದರು. ಬಸ್ಸಿನ ಧೂಳನ್ನೂ ಕೊಡವದೆ ನೇರ ಒಳಗೆ ಬಂದು, ಮತ್ತೆ ಬೆರಳು ಮಡಚತೊಡಗಿದರು.

"ಗೌರಿ ಹಬ್ಬಕ್ಕೆ ಹೊರಗೆ ಕೂತಿದ್ದೇ ಕಡೇದು ಅಂತ ಹೇಳಿ ಕಳ್ಸಿದ್ರಲ್ಲ. ಭಾದ್ರಪದ, ಆಶ್ವೀಜ, ಕಾರ್ತಿಕ, ಮಾರ್ಗಶಿರ, ಪುಷ್ಯ, ಮಾಘ, ಫಾಲ್ಗುಣ, ಚೈತ್ರ. ಅಯ್ಯೋ ಶಿವನೇ, ಇದೂ ಎಂಟರದ್ದೇ!"

ನನ್ನ ಸೀರೆಯೊಳಗೆ ಕೈ ಹಾಕಿ ಕೂಸನ್ನು ಎತ್ತಿದರು. ಯಜಮಾನರ ಕಡೆ ತಿರುಗಿ, "ಮೊರ ಎಲ್ಲಿಟ್ಟಿದೀರೋ?" ಎಂದರು. ಅವರೋ, ಮೂವತ್ತು ವರ್ಷದ ಗಂಡಸು, ಹೋಗಿ ಮೊರ ತಂದುಕೊಟ್ಟರು. ಅವ್ವ ಹೇಳಿದ ಮೇಲೆ ಮುಗಿಯಿತು, ಅದು ವೇದವಾಕ್ಯ.

ಮೊರದಲ್ಲಿ ಮಲಗಿಸಿದ ಕೂಡಲೇ ಕೂಸು ಕುಂಯ್ ಎಂದಿತು. ಎರಡು ವರ್ಷದ ಹಿಂದಿನ ಅದೇ ಸದ್ದು. ಜಗಳ ತೆಗೆದು ಪ್ರಯೋಜನವಿಲ್ಲ ಎಂದು ನನಗೆ ಆ ಕ್ಷಣಕ್ಕೆ ಹೊಳೆಯಿತು. ಬುದ್ಧಿ ಹೇಳಿದರೆ ಇವರ ತಲೆಗೆ ಇಳಿಯುವುದಿಲ್ಲ, ಕಲ್ಲಿನ ಮೇಲೆ ನೀರು ಹೊಯ್ದ ಹಾಗೆ. ಇವರಿಗೆ ಬೇಕಾಗಿರುವುದು ಬೆರಳು. ಇರಲಿ, ಬೆರಳನ್ನೇ ಕೊಡೋಣ.

"ಅತ್ತೆ, ಹೇಳಿ ಕಳ್ಸಿದ್ದು ತಪ್ಪಾಗಿದೆ. ಗೌರಿ ಹಬ್ಬದ್ದು ಕಡೇದಲ್ಲ. ಮಹಾನವಮಿಗೂ ನಾನು ಹೊರಗೆ ಕೂತಿದ್ದೆ" ಎಂದೆ.

ಶುದ್ಧ ಸುಳ್ಳು. ಮಹಾನವಮಿಯ ದಿನ ಯಜಮಾನರು ತಮ್ಮ ಪಾನಾ, ಸುತ್ತಿಗೆಗಳಿಗೆ ಕುಂಕುಮ ಹಚ್ಚಿ ಆಯುಧಪೂಜೆ ಮಾಡಿದ್ದರು, ನಾನೇ ಪಾಯಸ ಮಾಡಿ ಅವರ ಮೂವರು ಸ್ನೇಹಿತರಿಗೆ ಬಡಿಸಿದ್ದೆ. ಅತ್ತೆ ನನ್ನನ್ನು ನಂಬಲಿಲ್ಲ. ಮಗನತ್ತ ತಿರುಗಿ, "ಹೌದೇನೋ?" ಎಂದರು.

ಕೂಸಿನ ಜೀವ ಈಗ ಈ ಮನುಷ್ಯನ ನಾಲಿಗೆಯ ಮೇಲಿದೆಯಲ್ಲಪ್ಪಾ ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ಇವರು ಹುಟ್ಟಿದಾಗಿನಿಂದ ಅವ್ವನಿಗೆ ಎದುರಾಡಿದವರಲ್ಲ.

"ಹೌದವ್ವಾ" ಎಂದರು ಯಜಮಾನರು. ಮೊರದ ಕಡೆಯೇ ನೋಡುತ್ತಿದ್ದರು. "ಆಯುಧಪೂಜೆ ದಿನ ಇವಳು ಹೊರಗೆ ಕೂತಿದ್ಲು. ಪಾಯ್ಸ ನಾನೇ ಮಾಡಿದ್ದು. ತಳ ಹತ್ತಿಹೋಗಿತ್ತು."

ಆ ಹತ್ತಿಹೋದ ತಳವೊಂದಕ್ಕೆ, ನಾನು ಈ ಮನುಷ್ಯನ ಉಳಿದ ತಪ್ಪುಗಳಲ್ಲಿ ಅರ್ಧದಷ್ಟನ್ನು ಮಾಫಿ ಮಾಡಿದ್ದೇನೆ. ಇನ್ನರ್ಧ ಹಾಗೇ ಇದೆ.

ಅತ್ತೆ ಆಶ್ವೀಜದಿಂದ ಮತ್ತೆ ಮಡಚಿದರು. ಏಳು. ನೋಡಬೇಕಿತ್ತು ಆ ಮುಖ! ಅರೆಗಳಿಗೆಯ ಹಿಂದೆ ಹೆಣವಾಗಿದ್ದ ಕೂಸು ಈಗ ಮೊಮ್ಮಗಳಾಯಿತು. "ಅಯ್ಯೋ, ಏಳರದ್ದನ್ನ ಮೊರದಲ್ಲಿಡ್ತಾರೇನ್ರೋ, ಬುದ್ಧಿ ಇಲ್ದವ್ರಾ!" ಎಂದು ನಮ್ಮನ್ನೇ ಬೈದರು. ಮೊರ ತರಿಸಿದವರು ಯಾರು ಎಂದು ಕೇಳಲಿಕ್ಕೆ ನನಗೆ ಪುರುಸೊತ್ತಿರಲಿಲ್ಲ. ಕೂಸನ್ನು ಕಿತ್ತುಕೊಂಡು ಸೀರೆಯೊಳಗೆ ಸೇರಿಸಿಕೊಂಡೆ.

ಆಮೇಲಿನ ತಿಂಗಳೊಪ್ಪತ್ತು ಕೂಸು ನೆಲ ಮುಟ್ಟಲಿಲ್ಲ. ನಾನು ಬಚ್ಚಲಿಗೆ ಹೋದಾಗ ಯಜಮಾನರು ಬಾಗಿಲು ಹಾಕಿ, ಕಿಟಕಿಯನ್ನೂ ಹಾಕಿ, ಬನಿಯನ್ ಕಳಚಿ ಕೂಸನ್ನು ಎದೆಗೆ ಹಾಕಿಕೊಂಡು, ಮೇಲೆ ಕಂಬಳಿ ಹೊದ್ದು ಬೆವರುತ್ತ ಕೂರುತ್ತಿದ್ದರು. ಆದರೂ ಪಕ್ಕದ ಮನೆಯವಳು ಸಂದಿಯಲ್ಲಿ ನೋಡಿಬಿಟ್ಟಳು. ಮರುದಿನದಿಂದ ಕೆಲಸದ ಜಾಗದಲ್ಲಿ ಇವರಿಗೆ 'ಗಂಡು ಬಾಣಂತಿ' ಎಂದು ಹೆಸರು ಬಿತ್ತು. "ಬಾಣಂತಿ ಕಾಯ ಉಂಡ್ಯೇನೋ? ಎಣ್ಣೆ ನೀರಾಯ್ತಾ?" ಎಂದು ಓವರ್‌ಸಿಯರ್ ಕೂಡ ಕೇಳಿದನಂತೆ. ಹೆಂಡತಿ ಹೆತ್ತ ಎಂಟು ಮಕ್ಕಳಲ್ಲಿ ಒಂದರ ಮೈಯನ್ನೂ ಮುಟ್ಟಿ ನೋಡದವನು ಅವನು. ಅವನ ಗಂಡಸುತನಕ್ಕಿಷ್ಟು ಬೆಂಕಿ ಹಾಕ.

ಇಬ್ಬರೂ ದಣಿದಾಗ ಅತ್ತೆಯೇ ಕೂರುತ್ತಿದ್ದರು. ಅವರ ಕಾಲದವರು ರವಿಕೆ ತೊಟ್ಟವರಲ್ಲ. ಬಿಚ್ಚುವ, ಬಿಗಿಯುವ ರಗಳೆಯೇ ಇಲ್ಲ. ಸೆರಗು ಸರಿಸಿ ಕೂಸನ್ನು ಒಳಗಿಟ್ಟುಕೊಂಡರೆ ಅದು ನನ್ನ ಬಳಿ ಮಲಗಿದ್ದಕ್ಕಿಂತ ನೆಮ್ಮದಿಯಾಗಿ ಮಲಗುತ್ತಿತ್ತು. ಎಂಥ ಅಗಲವಾದ, ಬಿಸಿಯಾದ ಎದೆ ಅದು! ಆರು ಮಕ್ಕಳನ್ನು ಬೆಳೆಸಿದ ಎದೆ. ಅದನ್ನು ನೋಡುತ್ತ ನೋಡುತ್ತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಗಳು ಬದುಕಿದಳು. ಬೆಳೆದಳು. ಅವಳ ಮದುವೆಯ ಚಪ್ಪರದಲ್ಲಿ ಅತ್ತೆ ಬೀಗರನ್ನು ಸುತ್ತ ಕೂರಿಸಿಕೊಂಡು, "ಏಳರದ್ದು ಇದು. ನಾನು ಬೆರಳಲ್ಲಿ ಎಣಿಸಿ ಹೇಳಿದ್ದೆ, ನಿಲ್ಲತ್ತೆ ಅಂತ" ಎಂದು ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಪಾಯಸ ಬಡಿಸುತ್ತಿದ್ದೆ. ಯಜಮಾನರು ಎಲೆಯಿಂದ ತಲೆಯೆತ್ತಲಿಲ್ಲ. ಎಂಟರದ್ದು ಕಣ್ರೀ ಅತ್ತೆ, ಸರಿಯಾಗಿ ಎಂಟರದ್ದು ಎಂಬ ಮಾತು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅತ್ತೆಯ ಮೇಲಿನ ಕರುಣೆಯಿಂದಲ್ಲ.

ಹೇಳಿದರೆ ಅವರು ಮೊದಲನೆಯದನ್ನೂ ಮತ್ತೆ ಎಣಿಸಬೇಕಾಗುತ್ತಿತ್ತು, ನಾನೂ ಎಣಿಸಬೇಕಾಗುತ್ತಿತ್ತು. ಆ ಮೂರು ದಿನ ಅವರ ಎದೆಯೂ ಖಾಲಿಯಿತ್ತು, ನನ್ನ ಎದೆಯೂ ಖಾಲಿಯಿತ್ತು. ಏಳನೇ ಕ್ಲಾಸು ಓದಿದ ನಾನು ಗೋಡೆಯ ಕಡೆ ಮುಖ ಮಾಡಿ, ಹೋಗುವುದನ್ನು ಹಚ್ಚಿಕೊಳ್ಳಬಾರದು ಎಂದು ಮಲಗಿದ್ದೆ. ಮೊರವನ್ನು ಇಟ್ಟಿದ್ದು ದೂರದಲ್ಲೇನೂ ಅಲ್ಲ, ಕೈ ಚಾಚಿದರೆ ಸಿಗುತ್ತಿತ್ತು. ನಾನು ಚಾಚಲಿಲ್ಲ.