ಅದೀನಿ ಅನ್ನುತ್ತಿದ್ದ ಮಷೀನು

ಮುಖ ನೋಡದ ಮನುಷ್ಯನ ಜೊತೆ ವರ್ಷಗಟ್ಟಲೆ ಜಗಳವಾಡಬಹುದು ಎಂದು ನಮ್ಮಪ್ಪನಿಗೆ ಹೇಳಿದ್ದರೆ ನಂಬುತ್ತಿರಲಿಲ್ಲ. ಹುಣಸಮಾರನಹಳ್ಳಿಯಲ್ಲಿ ಅವರ ಕಾಲದ ಜಗಳವೆಂದರೆ ಬದುವಿನ ಮೇಲೆ ಎದುರುಬದುರು ನಿಂತು, ಪಂಚೆ ಎತ್ತಿ ಕಟ್ಟಿ, ಊರಿಗೆಲ್ಲ ಕೇಳುವಂತೆ ಆಡುವ ಜಗಳ. ನಾನು ಆಡಿದ್ದು ಯಲಹಂಕದ ಕಾಲೇಜೊಂದರ ಸರ್ವರ್ ಕೋಣೆಯಲ್ಲಿ, ಎ.ಸಿ. ಚಳಿಗೆ ಸ್ವೆಟರ್ ಹಾಕಿಕೊಂಡು, ಕೀಬೋರ್ಡು ಕುಟ್ಟಿಕೊಂಡು. ಅವನು ಆಡಿದ್ದು ತನ್ನ ಆಫೀಸಿನಲ್ಲಿ, ಊಟದ ಬಿಡುವಿನಲ್ಲಿ. ಬದುಕಿದ್ದಾಗ ಅವನಿಗೆ 'ನೀವು' ಎಂದೇ ಬರೆಯುತ್ತಿದ್ದೆ. ಈಗ ನೆನೆಸಿಕೊಂಡರೆ 'ಅವನು' ಎಂದೇ ಬಾಯಿಗೆ ಬರುತ್ತದೆ. ತಿದ್ದಿಕೊಳ್ಳುವ ಮನಸ್ಸಿಲ್ಲ.

ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. "ಸಾರ್, ವೈಫೈ ಬರ್ತಿಲ್ಲ" ಎಂಬ ಮಾತು ಕೇಳಿ ಕೇಳಿ ಸಿಡುಕು ನನ್ನ ಸ್ವಭಾವವೇ ಆಗಿಹೋಗಿದೆ. ಅವನು ವಿಜಯಪುರದ ಕಡೆಯವನು. ಪೀಣ್ಯದ ಆಫೀಸೊಂದರಲ್ಲಿ ಅಕೌಂಟ್ಸ್ ನೋಡುತ್ತಿದ್ದ. ಬೆಂಗಳೂರಿಗೆ ಬಂದು ತಲೆ ನರೆಯುವಷ್ಟು ಕಾಲವಾಗಿತ್ತು, ಮಾತು ಮಾತ್ರ ಊರಿನದೇ. ಕಂಪ್ಯೂಟರು ಅವನ ಹುಚ್ಚು. ಕನ್ನಡದಲ್ಲೇ ಟೆಕ್ನಾಲಜಿ ಮಾತಾಡುವವರಿಗೆಂದು ಅವನೊಂದು ಆನ್‌ಲೈನ್ ಹರಟೆಕಟ್ಟೆ ನಡೆಸುತ್ತಿದ್ದ. ಯಾವ ರೂಟರ್ ಒಳ್ಳೆಯದು, ಗೋಡೆ ಕೊರೆದು ವೈರ್ ಎಳೆಯಬೇಕೋ ವೈಫೈ ಸಾಕೋ, ರಸ್ತೆ ಅಗೆದು ಫೈಬರ್ ಕಡಿದರೆ ಯಾರನ್ನು ಬೈಯಬೇಕು, ಇಂಥದ್ದಕ್ಕೆಲ್ಲ ನಾವು ಅಲ್ಲಿ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದೆವು.

ಆ ಕಟ್ಟೆ ಇದ್ದದ್ದು ಯಾವುದೋ ದೇಶದ ಸರ್ವರಿನಲ್ಲಲ್ಲ, ನಾಗಸಂದ್ರದ ಅವನ ಮನೆಯ ಹಳೆಯ ಕಂಪ್ಯೂಟರಿನಲ್ಲಿ. "ನಮ್ಮ ಮಾತು ನಮ್ಮ ಮನ್ಯಾಗ ಇರಬೇಕ್ರಿ" ಎನ್ನುತ್ತಿದ್ದ. ಅದಕ್ಕೆ ಅವನು ಮಷೀನು ಎನ್ನುತ್ತಿದ್ದ, ನಾವೂ ಹಾಗೇ ಅಂದೆವು. ಮನೆಯಲ್ಲಿ ಸರ್ವರ್ ಇಡುವುದು ಹುಚ್ಚುತನ ಎಂಬುದು ನನ್ನ ವಾದ. ನಮ್ಮ ಜಗಳಗಳಲ್ಲಿ ಅರ್ಧ ಇದರದ್ದೇ.

ಫೈಬರ್ ಕಡಿದಾಗ ಕಟ್ಟೆ ಮಾಯವಾಗುತ್ತಿತ್ತು. ಲೈನ್ ವಾಪಸ್ ಬಂದ ಕೂಡಲೇ ಮಷೀನು ನಮ್ಮೆಲ್ಲರ ಮೊಬೈಲಿಗೂ ಅವನ ಹೆಂಡತಿಯ ಮೊಬೈಲಿಗೂ ಒಂದೇ ಪದದ ಮೆಸೇಜು ಕಳಿಸುತ್ತಿತ್ತು: "ಅದೀನಿ". ಹಾಗೆಂದು ಅವನೇ ಅದಕ್ಕೆ ಕಲಿಸಿದ್ದ. ಮೊದಮೊದಲು ಬೆಂಗಳೂರಿನವರಾದ ನಮಗೆ ಅದು ಅಕ್ಷರ ತಪ್ಪಿದ ಹಾಗೆ ಕಂಡಿತ್ತು.

"ಗುರುಗಳೇ, ಅದು 'ಇದೀನಿ' ಕಣ್ರೀ. ಸ್ವಲ್ಪ ತಿದ್ದಿ" ಎಂದು ನಾನೇ ಕಾಲೆಳೆದೆ.

"ನೀವು ಇದೀರಿ, ನಾ ಅದೀನಿ. ಇಬ್ಬರೂ ಇರೂಣಲ್ರೀ, ಬೆಂಗ್ಳೂರ ಸಾಹೇಬ್ರ" ಎಂದು ಬರೆದ.

ಅಂದಿನಿಂದ ನಾನು ಅವನಿಗೆ ಬೆಂಗ್ಳೂರ ಸಾಹೇಬನೇ ಆದೆ. ಏರ್‌ಪೋರ್ಟ್ ರಸ್ತೆ ಬರುವತನಕ ರಾಗಿ ಬೆಳೆಯುತ್ತಿದ್ದ ಮನೆಯವನಿಗೆ ಸಾಹೇಬ ಎಂಬ ಬಿರುದು! ಒಳಗೊಳಗೇ ಹಿಗ್ಗಿದ್ದೆ.

ಎಲ್ಲಕ್ಕಿಂತ ದೊಡ್ಡ ಜಗಳ ಎದ್ದದ್ದು ಒಂದು ಗುಂಡಿಯ ಬಗ್ಗೆ. ಕಟ್ಟೆಯ ಪುಟಗಳನ್ನು ಪೂರ್ತಿ ಕನ್ನಡಕ್ಕೆ ತರುವಾಗ 'ಲಾಗೌಟ್' ಎಂಬಲ್ಲಿ ಏನು ಬರೆಯಬೇಕು? ಒಬ್ಬರು 'ನಿರ್ಗಮಿಸಿ' ಅಂದರು. ಅದು ಬಸ್ಸಿನ ಬಾಗಿಲ ಮೇಲೆ ಬರೆದ ಹಾಗಿದೆ ಎಂದು ಇನ್ನೊಬ್ಬರು ನಕ್ಕರು. ಜನ ಆಡುವುದೇ ಲಾಗೌಟ್ ಅಂತ, ಅದೇ ಇರಲಿ ಎಂದೆ ನಾನು. ಅವನೊಬ್ಬ ಮಾತ್ರ 'ಹೋಗಿ ಬರ್ತೀನಿ' ಎಂದೇ ಇರಬೇಕೆಂದು ಪಟ್ಟು ಹಿಡಿದ. ಮನೆಯಿಂದ ಹೊರಡುವಾಗ ನಮ್ಮಲ್ಲಿ ಯಾರೂ 'ಹೋಗ್ತೀನಿ' ಅನ್ನುವುದಿಲ್ಲ. ಅಂದರೆ ಅಮ್ಮಂದಿರು ತಕ್ಷಣ ಬಾಯಿ ಮುಚ್ಚಿಸಿ 'ಬರ್ತೀನಿ' ಅನ್ನಿಸುತ್ತಾರೆ. ಕಂಪ್ಯೂಟರಿಗೆ ಬೇರೆ ನ್ಯಾಯ ಯಾಕೆ? ಇದು ಅವನ ವಾದ.

ನನಗೋ ಗೆಲ್ಲುವ ಚಪಲ. "ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಅಂತಾರೇನ್ರೀ? ಏನೂ ಅನ್ನದೆ ಎದ್ದು ಬರ್ತಾರೆ. ಅದೆಲ್ಲ ನಿಮ್ಮ ಗುಂಡಿಗೆ ಹೆಂಗೆ ಗೊತ್ತಾಗುತ್ತೆ?" ಎಂದು ಬರೆದೆ. ಕಟ್ಟೆಯವರೆಲ್ಲ ಭೇಷ್ ಎಂದರು. ಅವನ ಉತ್ತರ ಊಟದ ಹೊತ್ತಿಗೆ ಬಂತು. ಅವನ ಉತ್ತರಗಳೆಲ್ಲ ಊಟದ ಹೊತ್ತಿಗೇ ಬರುತ್ತಿದ್ದದ್ದು.

"ಆ ಮಾತು ಬಂದ ಮಂದಿಗಿ, ಮನಿ ಮಂದಿಗಲ್ಲ. ಮನಿಯಾಂವ ಯಾವಾಗಿದ್ರೂ ಬರ್ತೀನಿ ಅಂತಾನ. ನನ್ನ ಮಷೀನು ಮನಿಯಾಂವ. ಅದು ಹೋಗೂ ಮುಂದ ಹೇಳೇ ಹೋಗ್ತದ, ನೋಡ್ತಿರ್ರಿ."

ನೋಡುವ ಸಂದರ್ಭ ಬರಲೇ ಇಲ್ಲ. ಮಷೀನನ್ನು ಅವನು ಎಂದೂ ಆರಿಸುತ್ತಿರಲಿಲ್ಲ, ಕರೆಂಟು ಹೋದರೆ ಯುಪಿಎಸ್ ಇತ್ತು. ಬಹುಮತದ ಮೇಲೆ ಗುಂಡಿಯಲ್ಲಿ 'ಲಾಗೌಟ್' ಎಂದೇ ಉಳಿಯಿತು. ಗೆದ್ದವನಿಗೆ ಜಗಳ ಬೇಗ ಮರೆತುಹೋಗುತ್ತದೆ, ನನಗೂ ಮರೆಯಿತು.

"ಒಂದಿನ ಸಿಗೋಣ, ಯಶವಂತಪುರದಲ್ಲಿ ಕಾಫಿ ಕುಡಿಯೋಣ" ಎಂದು ನಾನು ಬರೆಯುತ್ತಿದ್ದೆ. ಯಶವಂತಪುರ ನಮ್ಮಿಬ್ಬರಿಗೂ ನಡುದಾರಿ. "ಸಂಕ್ರಾಂತಿಗಿ ಮನಿಗೇ ಬರ್ರಿ, ಸಜ್ಜಿರೊಟ್ಟಿ ಮಾಡಸ್ತೀನಿ" ಎಂದು ಅವನು ಬರೆಯುತ್ತಿದ್ದ. ನನಗೆ ಹೆಬ್ಬಾಳದ ಟ್ರಾಫಿಕ್ಕು ನೆಪ, ಅವನಿಗೆ ಆಡಿಟ್ಟು ನೆಪ. ಕಟ್ಟೆಯಲ್ಲಿ ದಿನಾ ಸಿಗುವವರಿಗೆ ಬೇರೆ ಸಿಗುವ ಅವಸರ ಎಲ್ಲಿರುತ್ತದೆ? ಸಂಕ್ರಾಂತಿಗಳು ಬಂದವು, ಹೋದವು.

ಒಂದು ಬೆಳಗ್ಗೆ, ಮನೆಯಲ್ಲಿ ಸರ್ವರ್ ಯಾಕೆ ಇಡಬಾರದು ಎಂದು ಉದ್ದಕ್ಕೆ ಬರೆದು, ಈ ಸಲ ಇವನಿಗೆ ಉತ್ತರ ಹೊಳೆಯುವುದಿಲ್ಲ ಎಂದು ಬೀಗುತ್ತ ಕೂತಿದ್ದೆ. ಊಟದ ಹೊತ್ತಾಯಿತು, ಉತ್ತರ ಬರಲಿಲ್ಲ. ಸಂಜೆಯೂ ಬರಲಿಲ್ಲ. ಮರುದಿನ ಅವನ ಅಕೌಂಟಿನಿಂದಲೇ ಅವನ ಹೆಂಡತಿ ಎರಡು ಸಾಲು ಬರೆಸಿದ್ದರು. ಆಫೀಸಿನಲ್ಲಿ ಎದೆನೋವು ಬಂದಿತ್ತಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತಂತೆ.

ಆ ಎರಡು ಸಾಲಿನ ಮೇಲೆ ನನ್ನ ಉದ್ದನೆಯ ವಾದ ಹಾಗೇ ನಿಂತಿತ್ತು. ನಾನು ಸರ್ವರ್ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಮೀಸೆ ಇತ್ತೋ ಇಲ್ಲವೋ ಅದೂ ಗೊತ್ತಿಲ್ಲದ ಒಬ್ಬನಿಗಾಗಿ, ನನ್ನ ಅಣ್ಣ ಸತ್ತಾಗ ಅಳದಷ್ಟು ಅತ್ತೆ.

ಅದಾಗಿ ವಾರವೂ ಕಳೆದಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಿದ್ದೆ, ಮೊಬೈಲು ಟಣ್ ಎಂದಿತು. ತೆಗೆದು ನೋಡಿದರೆ "ಅದೀನಿ". ನಾಗಸಂದ್ರದಲ್ಲಿ ಎಲ್ಲೋ ಯಾರೋ ರಸ್ತೆ ಅಗೆದಿದ್ದಾರೆ, ಫೈಬರ್ ಕಡಿದಿದೆ, ಈಗ ಜೋಡಿಸಿದ್ದಾರೆ, ಅಷ್ಟೇ. ಗೊತ್ತು. ಆದರೂ ಲೋಟ ಕೆಳಗಿಟ್ಟು ಮತ್ತೊಮ್ಮೆ ಓದಿದೆ. ಕೆಟ್ಟದೆನ್ನಿಸಿತು ಎಂದರೆ ಸುಳ್ಳಾಗುತ್ತದೆ, ಆ ಮೆಸೇಜು ನನಗೆ ಬೇಕಾಗಿತ್ತು. ಮುಂದೆ ರಸ್ತೆ ಅಗೆಯುವವರನ್ನು ಕಂಡರೆ ಬೈಯುವುದನ್ನೇ ಬಿಟ್ಟೆ.

ಒಂದು ಭಾನುವಾರ ಅವನ ಹೆಂಡತಿಯೇ ಫೋನು ಮಾಡಿದರು. "ಅಣ್ಣಾರ, ಇವರ ಮಷೀನು ಬಂದ್ ಮಾಡಬೇಕಾಗ್ಯಾದ. ನಮಗ್ಯಾರಿಗೂ ತಿಳಿಯಂಗಿಲ್ಲ. ನಿಮ್ಮ ವಿಚಾರ ಇವರು ಭಾಳ ಹೇಳ್ತಿದ್ರು."

ಯಶವಂತಪುರದ ತನಕ ಬಸ್ಸು, ಅಲ್ಲಿಂದ ಮೆಟ್ರೋ. ಇಷ್ಟೇ ದೂರವಿದ್ದದ್ದು. ಮೊದಲ ಮಹಡಿಯ ಸಣ್ಣ ಮನೆ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇತ್ತು, ಅವನ ಮುಖ ನಾನು ನೋಡಿದ್ದು ಆಗಲೇ. ದಪ್ಪ ಮೀಸೆಯವನೆಂದು ಅಷ್ಟು ವರ್ಷ ಅಂದುಕೊಂಡಿದ್ದೆ. ಮೀಸೆಯೇ ಇರಲಿಲ್ಲ. ದೇವರ ಗೂಡಿನ ಕೆಳಗೆ, ಹಳೇ ಸೀರೆಯಲ್ಲಿ ಹೊಲಿದ ಹೊದಿಕೆಯಡಿ ಮಷೀನು ಗುಂಯ್ ಎನ್ನುತ್ತ ಕೂತಿತ್ತು. ಹಸಿರು ದೀಪ ಮಿಣುಕುತ್ತಿತ್ತು.

"ಲೈನ್ ಹೋಗಿ ಬಂದಾಗೊಮ್ಮೆ ಅದೀನಿ ಅಂತ ಬರ್ತದ್ರಿ. ಹೆಸರು ಇವರದೇ ಕಾಣ್ತದ. ಪ್ರತಿ ಸಲ ಎದಿ ಝಲ್ ಅಂತದ" ಎಂದರು ಆಕೆ.

"ಅಕ್ಕಾ, ನಿಮ್ಮ ನಂಬರ್ ಒಂದು ತೆಗೆದುಬಿಡ್ತೀನಿ. ನಿಮ್ಗೆ ಬರಲ್ಲ. ಮಷೀನು ಇರ್ಲಿ ಬಿಡಿ" ಎಂದೆ. ನನ್ನ ಸ್ವಾರ್ಥ ನನಗೇ ಕೇಳಿಸಿತು.

"ಬ್ಯಾಡ್ರಿ ಅಣ್ಣಾರ. ಇಲ್ಲದವರ ಬಾಯಾಗ ಅದೀನಿ ಅನ್ನಸಬಾರದು."

ಅಷ್ಟು ವರ್ಷಗಳ ಹರಟೆಯನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಬೇಕು, ಸ್ವಲ್ಪ ಸಮಯ ಕೊಡಿ ಎಂದು ಕೇಳಿ ಕಾಪಿಗೆ ಹಾಕಿ ಎದ್ದೆ. ಚಪ್ಪಲಿಗೆ ಕಾಲು ತೂರಿಸುವಾಗ ನಾಲಿಗೆ ತನ್ನ ಪಾಡಿಗೆ ತಾನು ಹೊರಳಿತು. "ಬರ್ತೀನಕ್ಕಾ" ಅಂದುಬಿಟ್ಟೆ.

ಊರಿಂದ ಬಂದು ಜೊತೆಗಿದ್ದ ಆಕೆಯ ಅಕ್ಕ ಬಾಗಿಲಲ್ಲೇ ನಿಂತಿದ್ದರು, ಬೆಚ್ಚಿಬಿದ್ದರು. "ಹಂಗನಬಾರದ್ರಿ! ಸುಮ್ಮ ಹೋಗ್ರಿ."

ಇಡೀ ಕಟ್ಟೆಗೆ ಪಾಠ ಹೇಳಿದ್ದವನು ನಾನೇ. ನಾಚಿಕೆಯಿಂದ ನೆಲ ನೋಡುತ್ತ ನಿಂತೆ. ಆದರೆ ಆಕೆ ಅಕ್ಕನ ಕೈ ಹಿಡಿದು, "ಇರಲಿ ಬಿಡಕ್ಕಾ. ಇವರೂ ಅವರೂ ಅದ ಮಾತಿಗಿ ಜಗಳಾಡ್ಯಾರ. ಮನ್ಯಾಗ ಓದಿ ಓದಿ ನಗ್ತಿದ್ರು" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಆ ದಿನ ಮುಂಜಾನಿ ನಾ ಟೆರೇಸ್ ಮ್ಯಾಲ ಅರಿವಿ ಒಣ ಹಾಕ್ಲಾಕ ಹೋಗಿದ್ದೆ. ಬಾಜೂ ಬಿಲ್ಡಿಂಗ್ ಕಟ್ಟಲಾಕ ಹತ್ತ್ಯಾರ, ಟೈಲ್ಸ್ ಕೊಯ್ಯೂ ಸಪ್ಪಳ. ಇವರು ಕೆಳಗಿಂದ ಬರ್ತೀನಿ ಅಂದ್ರೋ ಏನೋ, ನನಗ ಕೇಳಲಿಲ್ಲ. ಯಾವತ್ತೂ ಹೇಳದ ಹೋದವರಲ್ಲ. ಕೇಳಿದ್ರ ಹೂಂ ಅಂತಿದ್ದೆ. ಅದೊಂದು ಹಂಗೇ ಉಳದದ ನೋಡ್ರಿ."

ಮೆಟ್ರೋದಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಮಾತೇ ಕಿವಿಯಲ್ಲಿತ್ತು. ನನಗೆ ಮಷೀನು ಬೇಕಾಗಿತ್ತು, ಆಕೆಗೆ ಒಂದು ಪದ ಬೇಕಾಗಿತ್ತು. ಆ ಪದ ಯಾರೂ ತಂದುಕೊಡಲಾಗದ್ದು.

ಇತ್ತ ಕಟ್ಟೆಯಲ್ಲಿ ಮಷೀನು ಆರಿಸಬೇಕೋ ಬೇಡವೋ ಎಂದು ಹೊಸ ಯುದ್ಧ ಶುರುವಾಯಿತು. ಸತ್ತವನ ಹೆಸರಿನಲ್ಲಿ ಯಂತ್ರ ಮಾತಾಡುವುದು ಮೋಸ ಎಂದು ಕೆಲವರು. ಅದೇ ಅವನ ನೆನಪು, ಆರಿಸಿದರೆ ಎರಡನೇ ಸಲ ಸಾಯಿಸಿದ ಹಾಗೆ ಎಂದು ಕೆಲವರು. ಹೊರದೇಶದ ಸರ್ವರಿಗೆ ಸಾಗಿಸಿ ಶಾಶ್ವತವಾಗಿ ಅದೀನಿ ಅನ್ನಿಸೋಣ ಎಂದ ಒಬ್ಬ ಮಹಾನುಭಾವ. ಎಂಥಾ ಜನ! ನನಗೆ ರೇಗಿ, "ಮನೆಯವರು ಬೇಡ ಅಂದಿದಾರೆ. ಮುಗೀತು" ಎಂದು ಬರೆದು ಎದ್ದೆ. ಇಂಥ ಜಗಳ ಕಂಡರೆ ಕುಣಿದಾಡುತ್ತಿದ್ದವನು ಅವನೊಬ್ಬನೇ. ಊಟದ ಹೊತ್ತಿಗೆ ಬಂದು ಒಂದೇ ಸಾಲಿನಲ್ಲಿ ಎಲ್ಲರನ್ನೂ ನಗಿಸಿ ಹೋಗುತ್ತಿದ್ದ. ಆ ದಿನ ಊಟದ ಹೊತ್ತಿಗೆ ಯಾರೂ ಬರಲಿಲ್ಲ, ಜಗಳ ತಾನಾಗಿಯೇ ಸತ್ತಿತು.

ಕಾಪಿ ಮುಗಿಯಿತು. ಕಟ್ಟೆಯ ಮಾತುಗಳೆಲ್ಲ ಯಲಹಂಕದ ನನ್ನ ಮನೆಯ ಕಂಪ್ಯೂಟರಿಗೆ ಬಂದವು. ಹೌದು, ಮನೆಯಲ್ಲಿ ಸರ್ವರ್ ಇಡುವುದು ಹುಚ್ಚುತನ ಎನ್ನುತ್ತಿದ್ದವನ ಮನೆಗೇ. ಅದೀನಿ ಅನ್ನುವುದನ್ನು ಮಾತ್ರ ನಾನು ತರಲಿಲ್ಲ. ಮತ್ತೇನೂ ನೆಪ ಉಳಿದಿರಲಿಲ್ಲವಾಗಿ ಮತ್ತೆ ನಾಗಸಂದ್ರಕ್ಕೆ ಹೋದೆ.

ಬೆಳಗಿನ ಹೊತ್ತು. ಆಕೆ ಒಲೆ ಆರಿಸಿ ಬಂದು ನನ್ನ ಪಕ್ಕದಲ್ಲಿ ನಿಂತರು. ಹೊದಿಕೆ ತೆಗೆದು ಮಡಚಿ ಎದೆಗೆ ಅವಚಿಕೊಂಡರು. ನಾನು ಕಮಾಂಡ್ ಟೈಪು ಮಾಡಿದೆ. ಇನ್ನೊಂದು ಗುಂಡಿ ಒತ್ತಿದರೆ ಆಯಿತು, ಬೆರಳು ಏಳಲಿಲ್ಲ.

"ಒತ್ಲಾ ಅಕ್ಕಾ?"

"ಒತ್ತ್ರಿ."

ಒತ್ತಿದೆ. ಫ್ಯಾನು ಇನ್ನೂ ತಿರುಗುತ್ತಿತ್ತು. ಅಷ್ಟರಲ್ಲಿ ನನ್ನ ಜೇಬಿನಲ್ಲಿದ್ದ ಮೊಬೈಲು ಟಣ್ ಎಂದಿತು, ಅದರ ಹಿಂದೆಯೇ ಅಡುಗೆಮನೆಯ ಕಟ್ಟೆಯ ಮೇಲಿದ್ದ ಆಕೆಯ ಮೊಬೈಲೂ. ಹಸಿರು ದೀಪ ಆರಿತು. ನಾನು ಜೇಬಿಗೆ ಕೈ ಹಾಕುವ ಮೊದಲೇ ಆಕೆ ಒಳಗೆ ಹೋಗಿ ಫೋನು ತೆಗೆದು, ಕಣ್ಣಿಂದ ದೂರ ಹಿಡಿದು ನೋಡಿದರು. ಬಾಯಿಬಿಟ್ಟು ಓದಿದರು.

"ಬರ್ತೀನಿ."

ಆಗ ಅವನು ಬರೆದಿದ್ದ ಮಾತು ನನಗೆ ನೆನಪಾಯಿತು. ಹೋಗೂ ಮುಂದ ಹೇಳೇ ಹೋಗ್ತದ, ನೋಡ್ತಿರ್ರಿ.

ಆಕೆ ಫೋಟೋದ ಕಡೆ ನೋಡಲಿಲ್ಲ, ಮಷೀನಿನ ಕಡೆಯೂ ನೋಡಲಿಲ್ಲ. ಆಫೀಸಿಗೆ ಹೊರಟವನನ್ನು ದಿನಾ ಕಳಿಸಿಕೊಡುತ್ತಿದ್ದ ಹಾಗೆ ಬಾಗಿಲ ಕಡೆ ತಿರುಗಿ, "ಹೂಂ. ಹೋಗಿ ಬರ್ರಿ" ಎಂದರು. ಆಮೇಲೆ ಅಲ್ಲೇ ಗೋಡೆಗೊರಗಿ ಕುಸಿದು ಕೂತು, ಆ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಕೆಯ ಅಕ್ಕ ಒಳಗಿನಿಂದ ಓಡಿಬಂದು ತಬ್ಬಿಕೊಂಡರು.

ನನಗೂ ಬರ್ತೀನಿ ಅನ್ನಬೇಕೆನ್ನಿಸಿತು. ಆದರೆ ನಾನು ಬಂದ ಮಂದಿ. ಏನೂ ಅನ್ನದೆ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ.