ಕೆನ್ನೆಯ ಮೇಲಿನ ಕಳ್ಳಿಹಾಲು

ಶಿರಾದ ಉಮ್ಮೆ ಹಾನಿ ಎಂಬಾಕೆ ಬೀಡಿ ಕಟ್ಟುವುದನ್ನು ಬಿಟ್ಟಿದ್ದು ಕೆಮ್ಮಿನ ದೆಸೆಯಿಂದ. ಹೊಗೆಸೊಪ್ಪಿನ ದೂಳು ಎದೆಗೆ ಆಗದು ಎಂದು ಡಾಕ್ಟರು ಹೇಳಿದ ಮೇಲೆ, ಸುಮ್ಮನೆ ಕೂರಲಾರದೆ ಗಿಡಗಳಿಗೆ ಕೈ ಹಾಕಿದಳು. ಮಧುಗಿರಿಯ ತಂಗಿಯ ಮನೆಯಿಂದ ಸಕ್ಯುಲೆಂಟ್ ಗಿಡವೊಂದರ ನಾಲ್ಕು ದಪ್ಪ ಎಲೆಗಳನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಒಣ ಮರಳಿನ ಮೇಲೆ ಮಲಗಿಸಿದ್ದಳು. ಮೂರು ವಾರಕ್ಕೆ ಎಲೆಯ ಬುಡದಲ್ಲಿ ಗುಲಾಬಿ ಬಣ್ಣದ ಬೇರು ಬಂತು, ಆಮೇಲೆ ಸಾಸಿವೆಯಷ್ಟು ಮರಿ. ನಾಲ್ಕು ವರ್ಷದಲ್ಲಿ ಟೆರೇಸಿನ ತುಂಬ ಐಸ್‌ಕ್ರೀಂ ಡಬ್ಬಿಗಳು, ಡಬ್ಬಿಗಳ ತುಂಬ ಮರಿಗಳು. ಬೇಕರಿಯವರು, ಬ್ಯೂಟಿ ಪಾರ್ಲರಿನವರು ಮನೆಗೇ ಬಂದು ಕೊಳ್ಳುತ್ತಿದ್ದರು.

ಅವಳ ನಾದಿನಿ ಐಮನ್‌ಗೆ ಇಪ್ಪತ್ತೆರಡು. ಕೆಳಗಿನ ಕೋಣೆಯಲ್ಲಿ ಚೌಕಟ್ಟಿಗೆ ಬಿಗಿದ ಬ್ಲೌಸ್ ಬಟ್ಟೆಯ ಮೇಲೆ ಕೊಕ್ಕೆಸೂಜಿಯಿಂದ ಆರಿ ಕಸೂತಿ ಹಾಕುತ್ತಿದ್ದಳು. ಕೂದಲೆಳೆಯ ದಾರ, ರಾಗಿಕಾಳಿನಂಥ ಮಣಿ. ಬೆಳಗಿನಿಂದ ಸಂಜೆಯವರೆಗೆ ಅವಳಿಗೆ ಕಣ್ಣಿನದೇ ಕೆಲಸ.

ಹೋದ ವರ್ಷ ಫೆಬ್ರುವರಿಯಲ್ಲಿ ಕೊರಟಗೆರೆಯಿಂದ ಪ್ರಭುದೇವ್ ಎಂಬುವವರು ಫೋನ್ ಮಾಡಿದರು. ಗೃಹಪ್ರವೇಶಕ್ಕೆ ಬಂದವರಿಗೆ ಕೊಡಲು ಅರವತ್ತು ಪುಟ್ಟ ಕುಂಡ ಬೇಕು, ಹದಿನೈದು ದಿನದೊಳಗೆ. ಕೊಡುವಷ್ಟು ದೊಡ್ಡ ಮರಿಗಳು ಅಷ್ಟಿರಲಿಲ್ಲ, ಎಲೆಯಿಂದ ಹೊಸದಾಗಿ ಮಾಡಲು ಅಷ್ಟು ದಿನ ಸಾಲದು. ಆದರೆ ಟೆರೇಸಿನ ಮೂಲೆಯಲ್ಲಿ, ತುದಿ ಕೆಂಪಗಿದ್ದ ಕಡ್ಡಿಕಳ್ಳಿ ಆಳೆತ್ತರ ಬೆಳೆದಿತ್ತು. ಅದರ ಕಡ್ಡಿ ಕತ್ತರಿಸಿ, ಕೊಯ್ದ ಜಾಗ ಒಣಗಲು ನಾಲ್ಕು ದಿನ ಬಿಟ್ಟು ನೆಟ್ಟರೆ ಆಯಿತು. ಉಮ್ಮೆ ಹಾನಿ ಒಪ್ಪಿಕೊಂಡಳು.

ಕಡ್ಡಿ ಕತ್ತರಿಸಲು ಹೊರಟ ಬೆಳಿಗ್ಗೆ ಗ್ಲೌಸ್ ಕೆಳಗೆ ಉಳಿದಿತ್ತು. ಮೆಟ್ಟಿಲಿಳಿಯುವ ಬೇಸರಕ್ಕೆ ಬರಿಗೈಯಲ್ಲೇ ಶುರು ಮಾಡಿದಳು. ಕತ್ತರಿಸಿದಲ್ಲೆಲ್ಲ ಬೆಳ್ಳಗೆ ಹಾಲು ಸುರಿಯಿತು. ಕೊಂಬೆ ಬಗ್ಗಿಸಿ ಹಿಡಿಯಲು ಐಮನ್ ಮೇಲೆ ಬಂದಳು. ಕೊಂಬೆ ಪಟ್ಟೆಂದು ಮುರಿದು ಅವಳ ಕೆನ್ನೆಗೆ ಎರಡು ಹನಿ ಹಾಲು ಸಿಡಿಯಿತು. ಕೆನ್ನೆಗೆ ಮಾತ್ರ.

"ಅಯ್ಯೋ, ಇರು," ಎಂದು ಉಮ್ಮೆ ಹಾನಿ ಗಾಬರಿಯಲ್ಲಿ ಕೈಯಿಂದಲೇ ಒರೆಸಿದಳು. ಅವಳ ಬೆರಳೆಲ್ಲ ಹಾಲಾಗಿತ್ತು. ಒರೆಸಿದ ಬೆರಳು ಕೆನ್ನೆಯಿಂದ ಮೇಲಕ್ಕೆ, ಬಲಗಣ್ಣಿನ ಅಂಚಿಗೆ ಹೋಯಿತು. ಐಮನ್ ಕಿರುಚಿಕೊಂಡಳು.

ಪಕ್ಕದ ಟೆರೇಸಿನಲ್ಲಿ ಹುಣಸೆಹಣ್ಣು ಒಣಹಾಕುತ್ತಿದ್ದ ಈರಕ್ಕ ಅಲ್ಲಿಂದಲೇ ಕೂಗಿದಳು. ಕುರಿ ಕಾಯುವವರ ಮನೆಯ ಹೆಂಗಸು, ಕಳ್ಳಿಯ ಗುಣ ಬಲ್ಲವಳು.

"ಕಣ್ಣು ಉಜ್ಜಬ್ಯಾಡ ಕಣಮ್ಮ! ನೀರು ಹುಯ್ಯಿ, ನೀರು! ಹಾಲು ಕಣ್ಣಿಗೆ ಹೋಗ್ಬುಟ್ರೆ ಕಣ್ಣೇ ಹೋಯ್ತದೆ!"

ಡ್ರಮ್ಮಿನ ನೀರನ್ನೆಲ್ಲ ಸುರಿದರು. ಉರಿ ಕಡಿಮೆಯಾದಂತೆ ಕಂಡಿತು. ಮಧ್ಯಾಹ್ನದ ಹೊತ್ತಿಗೆ ರೆಪ್ಪೆ ಊದಿ ಮುಚ್ಚಿಕೊಂಡಿತು. ಬೆರಳಿನಿಂದ ಬಿಡಿಸಿ ನೋಡಿದರೆ, "ಮಂಜು ಮಂಜಾಗಿದೆ ಭಾಬಿ, ನಿಮ್ಮ ಮುಖಾನೇ ಕಾಣ್ತಿಲ್ಲ" ಎಂದಳು ಐಮನ್.

ಉಮ್ಮೆ ಹಾನಿಯ ಗಂಡ ಮುಸವೀರ್ ಲಾರಿ ಸೀಟು ಹೊಲಿಯುವ ಅಂಗಡಿ ಮುಚ್ಚಿ ಓಡಿಬಂದ. ತುಮಕೂರಿನ ಕಣ್ಣಿನ ಆಸ್ಪತ್ರೆಗೆ ಹೋದರು. ಕರಿಗುಡ್ಡೆಯ ಮೇಲ್ಪದರ ಸುಟ್ಟಿದೆ, ವಾಸಿಯಾಗಬಹುದು, ಈಗಲೇ ಏನೂ ಹೇಳಲಾರೆ ಎಂದರು ಡಾಕ್ಟರು. "ಹಾಲು ನೇರವಾಗಿ ಸಿಡಿದದ್ದಾ?" ಎಂದೂ ಕೇಳಿದರು.

"ಹೌದು, ಕೊಂಬೆ ಮುರೀತು," ಎಂದಳು ಐಮನ್. ಉಮ್ಮೆ ಹಾನಿ ಬಾಯಿ ತೆರೆಯಲಿಲ್ಲ.

ಮನೆಗೆ ಬಂದ ಮೇಲೆ ಮುಸವೀರ್ ಗಿಡಗಳನ್ನೆಲ್ಲ ಬೀದಿಗೆ ಎಸೆಯುತ್ತೇನೆಂದು ಹೊರಟ. ಅತ್ತೆ ಅಮೀನಾಬಿ ತಡೆದರು. "ಪಾಪ, ಅವಳೇನು ಮಾಡ್ತಾಳೆ? ಆಗಬಾರದ್ದು ಆಯ್ತು. ಅಳಬೇಡ ಬೇಟಿ," ಎಂದು ಸೊಸೆಯ ತಲೆ ಸವರಿದರು. ಆ ಕೈಯನ್ನು ತಡೆದುಕೊಳ್ಳುವುದು ಬೈಗುಳಕ್ಕಿಂತ ಕಷ್ಟವಾಯಿತು. ಗಂಟೆಗೊಮ್ಮೆ ಔಷಧಿ ಹನಿ ಹಾಕುವವಳು ಉಮ್ಮೆ ಹಾನಿಯೇ. ಪ್ರತಿಸಲವೂ ಐಮನ್ ನಂಬಿಕೆಯಿಂದ ಮುಖ ಎತ್ತಿ ಕೊಡುತ್ತಿದ್ದಳು.

ಎಂಟನೆಯ ದಿನ ಐಮನ್ ಕಸೂತಿಯ ಚೌಕಟ್ಟಿನ ಮುಂದೆ ಸುಮ್ಮನೆ ಕೂತಿದ್ದಳು. ಬಟ್ಟೆಯ ಮೇಲೆ ಅರ್ಧ ನವಿಲು ನಿಂತಿತ್ತು.

"ನಾನೇ ಮುಖ ಹತ್ರ ತಂದೆ ಭಾಬಿ. ತಪ್ಪು ನಂದೇ."

ಉಮ್ಮೆ ಹಾನಿಗೆ ಇನ್ನು ತಡೆಯಲಾಗಲಿಲ್ಲ. "ಇಲ್ಲ ಐಮನ್. ಹಾಲು ಬಿದ್ದಿದ್ದು ಕೆನ್ನೆಗೆ. ಕಣ್ಣಿಗೆ ಹಚ್ಚಿದ್ದು ನನ್ನ ಬೆರಳು."

ಐಮನ್ ಚೌಕಟ್ಟನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಕೇಳಿದಳು, "ಆಸ್ಪತ್ರೇಲೇ ಯಾಕೆ ಹೇಳ್ಲಿಲ್ಲ?"

"ಹೆದರಿಕೆ ಆಯ್ತು."

"ನಂಗೂ ಆಗಿತ್ತು. ನೀವು ಪಕ್ಕದಲ್ಲೇ ಇದ್ರೂ, ನಾನು ಒಬ್ಬಳೇ ಹೆದರ್ಕೊಂಡಿದ್ದೆ."

ಅಂದಿನಿಂದ ಹನಿ ಹಾಕಲು ಅವಳು ಅಮ್ಮನನ್ನೇ ಕರೆದಳು. ಅಮೀನಾಬಿಗೆ ಅದು ರೂಢಿಯಿರಲಿಲ್ಲ. ಅರ್ಧ ಔಷಧಿ ಕಿವಿಯ ಕಡೆಗೆ ಹರಿಯುತ್ತಿತ್ತು. ಉಮ್ಮೆ ಹಾನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಗಂಡನಿಗೂ ಅತ್ತೆಗೂ ಅವಳು ತಾನಾಗಿಯೇ ಹೇಳಿದಳು. ಮುಸವೀರ್ ಎರಡು ದಿನ ಮನೆಯಲ್ಲಿ ಊಟ ಮಾಡಲಿಲ್ಲ. ಪ್ರಭುದೇವರಿಗೆ ಕುಂಡ ಆಗುವುದಿಲ್ಲ ಎಂದು ತಿಳಿಸಿದಳು. ಕಡ್ಡಿಕಳ್ಳಿಯನ್ನು ಈರಕ್ಕನ ಗಂಡ ಜುಂಜಪ್ಪ ಗೋಣಿಯಲ್ಲಿ ಸುತ್ತಿ ಒಯ್ದು ಹೊಲದ ಬೇಲಿಗೆ ನೆಟ್ಟ.

ಐದು ವಾರಕ್ಕೆ ಮಂಜು ಸರಿಯಿತು. ಎರಡು ತಿಂಗಳಿಗೆ ಐಮನ್ ನವಿಲಿನ ಉಳಿದರ್ಧ ಮುಗಿಸಿದಳು. ಬಿಸಿಲಿಗೆ ಹೋದರೆ ಆ ಕಣ್ಣಲ್ಲಿ ಈಗಲೂ ನೀರು ಬರುತ್ತದೆ.

ಉಮ್ಮೆ ಹಾನಿ ಈಗ ಎಲೆಯಿಂದ ಬರುವ ಗಿಡಗಳನ್ನಷ್ಟೇ ಬೆಳೆಸುತ್ತಾಳೆ. ಕೆಂಪು ತುದಿಯದು ಬೇಕೆಂದು ಬಂದವರಿಗೆ ನಡೆದದ್ದನ್ನು, ತನ್ನ ಬೆರಳನ್ನೂ ಬಿಡದೆ, ಹೇಳುತ್ತಾಳೆ. ಕೆಲವರು ಏನೂ ಕೊಳ್ಳದೆ ಹೋಗುತ್ತಾರೆ. ಐಮನ್ ಮಾತು ಬಿಟ್ಟಿಲ್ಲ. ಊಟಕ್ಕೆ ಕರೆಯುತ್ತಾಳೆ, ಬಟ್ಟೆಯ ಬಣ್ಣ ತೋರಿಸಿ ಹೇಗಿದೆ ಎಂದು ಕೇಳುತ್ತಾಳೆ. ಟೆರೇಸಿಗೆ ಮಾತ್ರ ಬರುವುದಿಲ್ಲ. ಬಾ ಎನ್ನುವ ಧೈರ್ಯ ಉಮ್ಮೆ ಹಾನಿಗೆ ಇನ್ನೂ ಬಂದಿಲ್ಲ.