ರಾಮೆನ್ ತಾತನ ಬೋರ್ಡು

ಹೋದ ಭಾನುವಾರ ಮನ್ರೋ ಊರಿನ ನಮ್ಮ ಈಗಿನ ಮನೆಯಲ್ಲಿ ಕಾಬೂಲಿ ಕಡಲೆ ಬೇಯಿಸುತ್ತಿದ್ದೆ. ಬೇಗ ಬೇಯಲಿ ಅಂತ ಚಿಟಿಕೆ ಅಡುಗೆ ಸೋಡಾ ಹಾಕಿದೆ. ನೀರು ಕುದಿಯುತ್ತಿದ್ದಂತೆ ಎದ್ದ ವಾಸನೆ... ಜರ್ಸಿ ಸಿಟಿಯಲ್ಲಿ ನಾವು ಮೊದಲಿದ್ದ ಕಟ್ಟಡದ ಕೆಳಗಿನ ನೂಡಲ್ ಅಂಗಡಿಯದೇ. ಅಲ್ಲಿ ಹಿಟ್ಟು ಕಲಸುವಾಗ ಅಂಥದೇ ಒಂದು ಕ್ಷಾರದ ನೀರು ಹಾಕುತ್ತಿದ್ದರು. ನೂಡಲ್‌ಗೆ ಹಳದಿ ಬಣ್ಣ, ಹಲ್ಲಿಗೆ ಸಿಗುವ ಬಿಗಿ, ಎರಡೂ ಅದರಿಂದಲೇ.

ಅಂಗಡಿಯವರಿಗೆ ಎಪ್ಪತ್ತು ದಾಟಿತ್ತು. ಅಲ್ಲಿ ಸಿಗುವ ಸಾರಿನ ನೂಡಲ್ ಹೆಸರು ಹಿಡಿದು ನನ್ನ ಮಗಳು ಅವರನ್ನು ರಾಮೆನ್ ತಾತ ಅಂತಿದ್ದಳು, ನಮಗೂ ಅದೇ ರೂಢಿಯಾಯಿತು. ನಾನು ಮಾಂಸ ತಿನ್ನುವುದಿಲ್ಲ ಅಂತ ಗೊತ್ತಾದ ಮೇಲೆ ಸಮುದ್ರದ ಪಾಚಿ, ಒಣ ಅಣಬೆ ಹಾಕಿ ನನಗೇ ಬೇರೆ ಸಾರು ಇಡುತ್ತಿದ್ದರು. ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ಎದುರು ಬಂದು ಕೂತು ಮಾತಾಡುತ್ತಿದ್ದರು.

ಅವರ ಬೋರ್ಡಿನಲ್ಲಿ 'ರಾಮೆನ್' ಅಂತ ದೊಡ್ಡದಾಗಿ, ಅದರ ಕೆಳಗೆ 'ಯೊಕೊಹಾಮಾದ ಚೀನೀ ನೂಡಲ್' ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಜಪಾನಿನವರ ಅಂಗಡಿಯಲ್ಲಿ ಚೀನಾ ಯಾಕೆ ಅಂತ ಒಮ್ಮೆ ಕೇಳಿದೆ. ಅವರ ಅಪ್ಪ ದಕ್ಷಿಣ ಚೀನಾದಿಂದ ಯೊಕೊಹಾಮಾ ಬಂದರಿಗೆ ಬಂದ ಅಡುಗೆಯವರು. ತಾಯಿ ಜಪಾನಿನವರು. ಬಂದರಿನ ಚೀನೀ ಕೇರಿಗಳಲ್ಲಿ ಇಂಥ ಅಡುಗೆಯವರು ಮಾಡುತ್ತಿದ್ದ ನೂಡಲ್ಲೇ, ಜಪಾನಿನ ಸೋಯಾ ಸಾಸು, ಒಣಮೀನಿನ ಸಾರು ಸೇರಿ ಬರಬರುತ್ತಾ ರಾಮೆನ್ ಆಯಿತಂತೆ. ಮೊದಲು ಅಲ್ಲಿಯವರೂ ಅದನ್ನು ಚೀನೀ ನೂಡಲ್ ಅಂತಲೇ ಕರೆಯುತ್ತಿದ್ದರಂತೆ. ನಾನು ನಮ್ಮ ಗೋಬಿ ಮಂಚೂರಿಯ ವಿಷಯ ಹೇಳಿದೆ. ಹೂಕೋಸಿನಲ್ಲಿ ಮಾಡುತ್ತೇವೆ ಅಂದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕೋವಿಡ್ ಬಂದ ವರ್ಷ... ಅಂಗಡಿಗೆ ಬರುವವರು ಕಡಿಮೆಯಾದರು. ಒಂದು ಬೆಳಿಗ್ಗೆ ಕೆಳಗಿಳಿದರೆ ಬೋರ್ಡಿನ 'ಚೀನೀ' ಅನ್ನುವ ಪದದ ಮೇಲೆ ಯಾರೋ ಕಪ್ಪು ಪೇಂಟ್ ಸ್ಪ್ರೇ ಮಾಡಿದ್ದರು. ಕೌಂಟರ್ ನೋಡಿಕೊಳ್ಳುತ್ತಿದ್ದ ತಾತನ ಮಗಳು ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

"ಆ ಪದ ತೆಗೆಸಿಬಿಡೋಣ ಅಪ್ಪಾ. ರಾಮೆನ್ ಅಂತ ಇದ್ದರೆ ಸಾಲದಾ? ನಾವು ಜಪಾನಿನವರೇ ತಾನೇ?"

ತಾತ ಒಳಗಿಂದ ಸ್ಟೂಲು, ಥಿನ್ನರ್ ಡಬ್ಬ, ಹಳೇ ಬಟ್ಟೆ ತಂದರು. ನಾನು ಸ್ಟೂಲು ಹಿಡಿದುಕೊಂಡೆ. ಉಜ್ಜುತ್ತಾ ಉಜ್ಜುತ್ತಾ ಹೇಳಿದರು. ವ್ಯಾಪಾರ ನಡೆಯಲಿ ಅಂತ ಅವರ ಅಪ್ಪ ಹೆಂಡತಿಯ ಮನೆತನದ ಹೆಸರು ಇಟ್ಟುಕೊಂಡಿದ್ದರು. ಒಂದು ದಿನ ಸ್ಕೂಲಿನ ಹುಡುಗರು ಅಪ್ಪನ ಅಂಗಡಿಗೆ ಬಂದು, ಚೀನಾದವನ ಮಗ ಅಂತ ಕೆಣಕಿದಾಗ, ಆಗಿನ್ನೂ ಚಿಕ್ಕವರಾಗಿದ್ದ ಇವರು, "ಆತ ನನ್ನ ಅಪ್ಪ ಅಲ್ಲ, ನಮ್ಮ ಅಡುಗೆಯವನು" ಅಂದುಬಿಟ್ಟಿದ್ದರು. ಅಪ್ಪನಿಗೆ ಅದು ಕೇಳಿಸಿತ್ತು. ಆದರೂ ಎಲ್ಲ ಹುಡುಗರಿಗೂ ನೂಡಲ್ ಬಡಿಸಿದರಂತೆ.

"ಒಂದು ಸಲ ನಾನೇ ಅಳಿಸಿದ್ದೀನಿ," ಅಂತ ಮಗಳ ಕಡೆ ತಿರುಗಿದರು. "ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

ಈ ಕತೆ ಅವಳಿಗೂ ಹೊಸದು ಅಂತ ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಪೇಂಟಿನ ಜೊತೆ ಅಕ್ಷರಗಳೂ ಅರ್ಧ ಕಿತ್ತುಬಂದಿದ್ದವು. ಮಧ್ಯಾಹ್ನ ಅವಳೇ ಕೆಂಪು ಬಣ್ಣ ತಂದು, ಸ್ಟೂಲು ಹತ್ತಿ, ಮೊದಲಿಗಿಂತ ದಪ್ಪಗೆ ಬರೆದಳು.

ಪಾರ್ಸೆಲ್ ಒಯ್ಯುವ ಟೇಕೌಟ್ ನಂಬಿಕೊಂಡು ಅಂಗಡಿ ಹೇಗೋ ಉಳಿಯಿತು. ಹಳೇ ಗಿರಾಕಿಗಳು ಒಬ್ಬೊಬ್ಬರೇ ವಾಪಸ್ ಬಂದರು. ನಾವು ಮನ್ರೋಗೆ ಬಂದ ಮೇಲೆ ಆ ಕಡೆ ಹೋಗುವುದು ಅಪರೂಪವಾಯಿತು. ಒಂದು ಚಳಿಗಾಲ, ತಾತ ಸ್ಟ್ರೋಕ್ ಆಗಿ ತೀರಿಕೊಂಡರು ಅಂತ ಅವರ ಮಗಳ ಮೆಸೇಜ್ ಬಂತು. ಆಮೇಲೆ ಅಂಗಡಿ ಮುಚ್ಚಿ ಕ್ಯಾಲಿಫೋರ್ನಿಯಾಗೆ ಹೋದಳು. ಅಂಗಡಿ ಇದ್ದ ಜಾಗದಲ್ಲೀಗ ಉಗುರಿಗೆ ಬಣ್ಣ ಹಚ್ಚುವ ನೇಲ್ ಸಲೂನ್ ಇದೆ.

ಕೊನೆಯ ಸಲ ಹೋಗಿದ್ದಾಗ ತಾತ ತಮ್ಮ ಅಪ್ಪನ ನಿಜವಾದ ಚೀನೀ ಹೆಸರು ಹೇಳಿಕೊಟ್ಟಿದ್ದರು. ಸ್ವರ, ಅಂದರೆ ದನಿಯ ಏರಿಳಿತ, ಸರಿಯಾಗುವ ತನಕ ನನ್ನ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿದ್ದರು. ಸ್ವರ ತಪ್ಪಿದರೆ ಅದು ಬೇರೆ ಯಾರದೋ ಹೆಸರಾಗುತ್ತದಂತೆ. ಈಗ ಹೇಳಿ ನೋಡುತ್ತೇನೆ. ಅಕ್ಷರಗಳು ನೆನಪಿವೆ... ಸ್ವರ ಸರಿಯೋ ತಪ್ಪೋ, ಹೇಳುವವರಿಲ್ಲ.